ಗಣಕಯಂತ್ರದ ದಫ್ತರ ಕೆಟ್ಟರೆ

ಪ್ರತಿಯೊಂದು ಶಾಲೆಯ ಕಪಾಟಿನಲ್ಲಿಯೂ ಒಂದು ದಪ್ಪ ಪುಸ್ತಕವುಂಟು. ಅದಕ್ಕೆ ಜನರಲ್ ರಜಿಸ್ಟರ್ ಎಂದು ಹೆಸರು. ಮಗು ಶಾಲೆಗೆ ಸೇರಿದ ದಿನ ಅದರ ಹೆಸರು, ತಂದೆ ತಾಯಿಗಳ ಹೆಸರು, ಹುಟ್ಟಿದ ದಿನಾಂಕ ಮತ್ತು ಊರು, ಮಾತೃಭಾಷೆ, ಸೇರಿದ ಇಯತ್ತೆ ಇವೆಲ್ಲವೂ ಅದರಲ್ಲಿ ಒಂದು ಕ್ರಮಸಂಖ್ಯೆಯ ಎದುರಿಗೆ ಬರೆಯಲ್ಪಡುತ್ತವೆ. ಶಾಲೆ ಬಿಡುವ ದಿನ ಅದೇ ಸಾಲಿನ ಕೊನೆಗೆ ಬಿಟ್ಟ ತಾರೀಖನ್ನು ಬರೆದು, ಆ ಸಾಲನ್ನೇ ನಕಲು ಮಾಡಿ, ಮುಖ್ಯಾಧ್ಯಾಪಕರ ಸಹಿ ಶಿಕ್ಕೆಗಳೊಡನೆ ಮಗುವಿನ ಕೈಗೆ ಕೊಡುತ್ತೇವೆ. ಶಾಲೆ ಬಿಟ್ಟ ದಾಖಲೆಯೆಂದರೆ ಇದೇ. ವಿಜಯಪುರ, ಕಲಬುರಗಿ, ಯಾದಗಿರಿ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆಂದು ಪುಣೆಗೆ ಬಂದ ಕುಟುಂಬಗಳ ಎಷ್ಟೋ ಮಕ್ಕಳಿಗೆ ತಮ್ಮ ವಯಸ್ಸನ್ನೂ ಹೆಸರಿನ ಕಾಗುಣಿತವನ್ನೂ ಹೇಳಬಲ್ಲ ಮೊದಲ ಕಾಗದ ಇದಾಗಿರುತ್ತದೆ. ಕಾಲೇಜಿಗೆ, ನೌಕರಿಗೆ, ಜಾತಿಯ ಪ್ರಮಾಣಪತ್ರಕ್ಕೆ, ಮುಂದೆ ಎಲ್ಲಿಗೆ ಹೋದರೂ ಅದನ್ನು ಕೇಳುವವರು ಇದ್ದೇ ಇರುತ್ತಾರೆ.

ಈಗ ಈ ಪುಸ್ತಕದ ಜೊತೆಗೆ ಅದರ ಇನ್ನೊಂದು ರೂಪವು ಗಣಕಯಂತ್ರದೊಳಗೂ ಇದೆ. ಕಾರಕೂನರು ಕ್ರಮಸಂಖ್ಯೆಯನ್ನು ಒತ್ತಿದರೆ ಅರೆಕ್ಷಣದಲ್ಲಿ ಸಾಲು ಎದುರಿಗೆ ಬರುತ್ತದೆ. ಇಂಥ ವ್ಯವಸ್ಥಿತವಾದ ಮಾಹಿತಿಯ ಭಾಂಡಾರಕ್ಕೆ ಡೇಟಾಬೇಸ್ ಎನ್ನುತ್ತಾರೆ. ಪುಸ್ತಕಕ್ಕೆ ಗೆದ್ದಲು ಹಿಡಿಯುವಂತೆ ಈ ಭಾಂಡಾರವೂ ಕೆಡುವುದುಂಟು. ಕೆಟ್ಟುದನ್ನು ಪರೀಕ್ಷಿಸಿ ಸರಿಪಡಿಸುವ ತಂತ್ರಾಂಶಗಳೂ ಉಂಟು. ಅವು ಏನು ಮಾಡಬಲ್ಲವು, ಏನು ಮಾಡಲಾರವು ಎಂಬುದನ್ನು ನಮ್ಮ ವಿದ್ಯಾರ್ಥಿಗಳಿಗೆ ತಿಳಿಯುವಂತೆ ಇಲ್ಲಿ ವಿವರಿಸಲು ಯತ್ನಿಸುವೆವು. ನಾವು ವೃತ್ತಿಯಿಂದ ಭಾಷೆ ಕಲಿಸುವವರು; ಯಂತ್ರವಿದ್ಯೆಯನ್ನು ದುರಸ್ತಿಗೆ ಬಂದವರ ಮಗ್ಗುಲಲ್ಲಿ ಕುಳಿತು, ಕೇಳಿ ಕೇಳಿ ಕಲಿತವರು. ಅದಕ್ಕೇ ಕೇಳುವವನಿಗೆ ಎಲ್ಲಿ ತೊಡಕಾಗುತ್ತದೆ ಎಂಬುದನ್ನು ಬಲ್ಲೆವು.

ಮೊದಲು ಒಂದು ಹಳೆಯ, ಸರಳವಾದ ಮಾದರಿಯನ್ನು ನೋಡೋಣ. ಕಳೆದ ಶತಮಾನದ ಎಂಬತ್ತು, ತೊಂಬತ್ತರ ದಶಕಗಳಲ್ಲಿ ನಮ್ಮ ದೇಶದ ಕಚೇರಿಗಳಲ್ಲೆಲ್ಲ ಡಿಬೇಸ್, ಫಾಕ್ಸ್‌ಪ್ರೊ ಎಂಬ ತಂತ್ರಾಂಶಗಳು ಬಳಕೆಯಲ್ಲಿದ್ದವು. ಅವುಗಳ ಕಡತವು ಗೆರೆ ಹೊಡೆದ ಪುಸ್ತಕದಂತೆಯೇ. ಪ್ರತಿ ಸಾಲಿಗೂ ಒಂದೇ ಅಳತೆಯ ಜಾಗ. ಈ ಅಳತೆಯನ್ನು ಬೈಟ್ ಎಂಬ ಮನೆಗಳಲ್ಲಿ ಎಣಿಸುತ್ತಾರೆ; ಒಂದು ಇಂಗ್ಲಿಷ್ ಅಕ್ಷರಕ್ಕೆ ಒಂದು ಮನೆ ಸಾಕು. ಕಡತದ ಆರಂಭದಲ್ಲಿ ತಲೆಬರಹವೆಂಬ ಭಾಗವಿದ್ದು, ಒಟ್ಟು ಎಷ್ಟು ಸಾಲುಗಳಿವೆ, ಒಂದು ಸಾಲು ಎಷ್ಟು ಉದ್ದ, ಅದರೊಳಗೆ ಯಾವ ಯಾವ ಕಲಮುಗಳಿವೆ ಎಂಬುದು ಅಲ್ಲಿ ಬರೆದಿರುತ್ತದೆ. ತಲೆಬರಹಕ್ಕೆ 32 ಮನೆಗಳು, ಒಂದೊಂದು ಕಲಮಿಗೂ ಮತ್ತೆ 32, ಕೊನೆಗೊಂದು ಗುರುತಿನ ಮನೆ. ಹತ್ತು ಕಲಮುಗಳಿದ್ದರೆ 353 ಮನೆಗಳಾದವು.

ಒಂದು ಲೆಕ್ಕ ಮಾಡೋಣ. ಸಾಲಿನ ಉದ್ದ 120 ಮನೆ, ತಲೆಬರಹ ಹೇಳುವ ಸಾಲುಗಳು 500 ಎಂದಿಟ್ಟುಕೊಳ್ಳಿರಿ. 500ನ್ನು 120ರಿಂದ ಗುಣಿಸಿದರೆ 60,000; ತಲೆಬರಹದ 353ನ್ನೂ ಕಡತದ ಮುಕ್ತಾಯದ ಒಂದು ಗುರುತನ್ನೂ ಕೂಡಿಸಿದರೆ 60,354. ಆದರೆ ಕಡತವನ್ನು ಅಳೆದಾಗ 60,954 ಬಂತು. ಹೆಚ್ಚಾದ 600 ಎಂದರೆ ಸರಿಯಾಗಿ ಐದು ಸಾಲುಗಳು. ಹೊಸದಾಗಿ ಐವರು ಮಕ್ಕಳ ಹೆಸರುಗಳನ್ನು ಬರೆದಾಗಿತ್ತು. ತಲೆಬರಹದ ಸಂಖ್ಯೆಯನ್ನು ತಿದ್ದುವ ಮೊದಲೇ ವಿದ್ಯುತ್ತು ಹೋಯಿತು ಎಂದು ಇದರಿಂದ ಊಹಿಸಬಹುದು. ಮಕ್ಕಳು ಒಳಗೇ ಇದ್ದಾರೆ, ಬಾಗಿಲಲ್ಲಿಯ ಪಟ್ಟಿಯಲ್ಲಿ ಮಾತ್ರ ಇಲ್ಲ. ದುರಸ್ತಿ ತಂತ್ರಾಂಶವು ಮಾಡುವುದು ಇದೇ ಲೆಕ್ಕವನ್ನು: ಉದ್ದವನ್ನು ಅಳೆದು, ಭಾಗಿಸಿ, 500 ಇದ್ದಲ್ಲಿ 505 ಎಂದು ತಿದ್ದುತ್ತದೆ. ಇದರಲ್ಲಿ ಮಾಟವೇನೂ ಇಲ್ಲ. ಐದನೆಯ ಇಯತ್ತೆಯ ಗಣಿತವೇ.

ಈ ಕಡತಗಳದೊಂದು ಸ್ವಾರಸ್ಯವುಂಟು. ಪ್ರತಿ ಸಾಲಿನ ಮೊದಲ ಮನೆ ಬರಿದಾಗಿರುತ್ತದೆ. ಆ ಸಾಲನ್ನು ಅಳಿಸು ಎಂದು ಅಪ್ಪಣೆ ಕೊಟ್ಟರೆ ಯಂತ್ರವು ಏನನ್ನೂ ಅಳಿಸದೆ, ಆ ಮನೆಯಲ್ಲೊಂದು ನಕ್ಷತ್ರದ ಚಿಹ್ನೆಯನ್ನು ಇಟ್ಟು ಸುಮ್ಮನಾಗುತ್ತದೆ. 'ಪ್ಯಾಕ್' ಎಂಬ ಇನ್ನೊಂದು ಅಪ್ಪಣೆ ಕೊಡುವವರೆಗೂ ಬರೆದುದೆಲ್ಲವೂ ಹಾಗೆಯೇ ಉಳಿದಿರುತ್ತದೆ. ತಪ್ಪಿ ಅಳಿಸಿದ ಹೆಸರುಗಳನ್ನು ಎಷ್ಟೋ ಕಾರಕೂನರು ಈ ನಕ್ಷತ್ರದ ದಯೆಯಿಂದ ಮರಳಿ ಪಡೆದಿದ್ದಾರೆ.

ಇನ್ನು ಅದಕ್ಕಿಂತ ತೊಡಕಿನ ಮಾದರಿ. ಮೈ-ಎಸ್‌ಕ್ಯುಎಲ್ ಎಂಬ ಡೇಟಾಬೇಸ್ ತಂತ್ರಾಂಶವು 1995ರಲ್ಲಿ ಸ್ವೀಡನ್ ದೇಶದಲ್ಲಿ ಹುಟ್ಟಿತು. ಹೆಸರಿನ ಆರಂಭದ 'ಮೈ' ಎಂಬುದು ಅದನ್ನು ರಚಿಸಿದವರಲ್ಲೊಬ್ಬರಾದ ವಿಡೇನಿಯಸ್ ಅವರ ಮಗಳ ಹೆಸರಂತೆ; ಮಕ್ಕಳ ಹೆಸರಿಡುವ ವಾಡಿಕೆ ನಮ್ಮ ಅಂಗಡಿಕಾರರಲ್ಲಿ ಮಾತ್ರ ಇದೆಯೆಂದು ನಾವು ತಿಳಿದಿದ್ದೆವು. ಇದರ ಹಳೆಯ ಪದ್ಧತಿಗೆ ಮೈ-ಐಸ್ಯಾಮ್ ಎಂದು ಹೆಸರು. ಅದರಲ್ಲಿ ಒಂದೊಂದು ಕೋಷ್ಟಕವೂ ಮೂರು ಕಡತಗಳಾಗಿ ಕುಳಿತಿರುತ್ತದೆ. ಒಂದರಲ್ಲಿ ಕೋಷ್ಟಕದ ರಚನೆ, ಅಂದರೆ ಯಾವ ಕಲಮು ಎಷ್ಟು ಅಗಲ ಎಂಬ ವಿವರ. ಎರಡನೆಯದರಲ್ಲಿ ಮಾಹಿತಿ. ಮೂರನೆಯದರಲ್ಲಿ ಅನುಕ್ರಮಣಿಕೆ.

ಗ್ರಂಥಾಲಯವನ್ನು ನೆನೆಯಿರಿ. ಕಪಾಟುಗಳಲ್ಲಿರುವ ಪುಸ್ತಕಗಳೇ ಮಾಹಿತಿ. ಬಾಗಿಲ ಬಳಿಯ ಸಣ್ಣ ಸೆಳೆಖಾನೆಗಳಲ್ಲಿ ಅಕಾರಾದಿಯಾಗಿ ಜೋಡಿಸಿದ ಚೀಟಿಗಳೇ ಅನುಕ್ರಮಣಿಕೆ. ಚೀಟಿಯ ಮೇಲೆ 'ಮೂರನೆಯ ಕಪಾಟು, ಎರಡನೆಯ ಹಲಗೆ' ಎಂದಿದ್ದು, ಅಲ್ಲಿ ಹೋದರೆ ಬೇರೆ ಪುಸ್ತಕವಿದ್ದರೆ? ಅಥವಾ ಪುಸ್ತಕವಿದ್ದು ಅದರ ಚೀಟಿಯೇ ಇಲ್ಲದಿದ್ದರೆ? ಡೇಟಾಬೇಸ್ ಕೆಟ್ಟಿದೆ ಎಂದಾಗ ಬಹುಮಟ್ಟಿಗೆ ಇಂಥದೇ ಸಂಗತಿ ನಡೆದಿರುತ್ತದೆ. ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹಿಡಿದುಕೊಳ್ಳತಕ್ಕದ್ದು. ಪುಸ್ತಕಗಳಿದ್ದರೆ ಚೀಟಿಗಳನ್ನೆಲ್ಲ ಸುಟ್ಟರೂ ಮತ್ತೆ ಬರೆಯಬಹುದು; ಪುಸ್ತಕಗಳು ಹೋದ ಮೇಲೆ ಚೀಟಿಗಳಿಂದ ಗ್ರಂಥಾಲಯ ಹುಟ್ಟಲಾರದು.

ಕೆಡುವ ಕಾರಣಗಳು ಬಹಳವೇನಿಲ್ಲ. ಬರೆಯುತ್ತಿರುವಾಗ ವಿದ್ಯುತ್ತು ಹೋಗುವುದು ಎಲ್ಲಕ್ಕಿಂತ ಸಾಮಾನ್ಯವಾದದ್ದು. ತಟ್ಟೆಯಲ್ಲಿ ಜಾಗ ಮುಗಿಯುವುದು, ತಟ್ಟೆಯೇ ಸವೆಯುವುದು, ಯಂತ್ರವನ್ನು ಕ್ರಮವಾಗಿ ಮುಚ್ಚದೆ ಗುಂಡಿ ಒತ್ತಿ ಆರಿಸುವುದು, ಇವು ಉಳಿದವು. ಇನ್ನೊಂದು ಕಾರಣವನ್ನು ಕೇಳಿದರೆ ನಗು ಬರಬಹುದು: ಡೇಟಾಬೇಸ್ ನಡೆಯುತ್ತಿರುವಾಗಲೇ ದುರಸ್ತಿ ತಂತ್ರಾಂಶವನ್ನು ಓಡಿಸುವುದು. ಒಬ್ಬನು ಪುಸ್ತಕಗಳನ್ನು ಹಲಗೆಗೆ ಇಡುತ್ತಿರುವಾಗ ಮತ್ತೊಬ್ಬನು ಅವನಿಗೆ ತಿಳಿಸದೆ ಚೀಟಿ ಬದಲಿಸಿದರೆ ಆಗುವ ಗೊಂದಲವೇ ಇಲ್ಲಿಯೂ ಆಗುತ್ತದೆ. ವೈದ್ಯನಿಂದಲೇ ರೋಗ ಬಂದಂತೆ.

ಆದುದರಿಂದ ಕೆಲಸದ ಮೊದಲ ಹೆಜ್ಜೆ, ಡೇಟಾಬೇಸನ್ನು ನಿಲ್ಲಿಸುವುದು. ಎರಡನೆಯದು, ಕೆಟ್ಟ ಕಡತಗಳನ್ನೇ ಇದ್ದ ಹಾಗೆ ಬೇರೊಂದು ತಟ್ಟೆಗೆ ನಕಲು ಮಾಡಿಡುವುದು. ಕೆಟ್ಟುದನ್ನೇಕೆ ಕಾಪಾಡಬೇಕೆಂದು ಕೇಳುವವರುಂಟು. ದುರಸ್ತಿಯೆಂದರೆ ಕಡತದ ಮೇಲೆಯೇ ಬರೆಯುವ ಕೆಲಸ. ತನಗೆ ಅರ್ಥವಾಗದ ತುಂಡನ್ನು ತಂತ್ರಾಂಶವು ಬಿಟ್ಟು ಮುಂದೆ ಹೋಗುತ್ತದೆ. ಒಮ್ಮೆ ಬಿಟ್ಟಿತೆಂದರೆ ಆ ತುಂಡನ್ನು ಇನ್ನೊಂದು ಉಪಾಯದಿಂದ ಓದುವ ದಾರಿಯೇ ಮುಚ್ಚಿತು. ಅವಸರದಲ್ಲಿ ಈ ಎರಡನೆಯ ಹೆಜ್ಜೆಯನ್ನು ಬಿಡುವವರೇ ಹೆಚ್ಚು. ನಮ್ಮ ಅಭಿಪ್ರಾಯದಲ್ಲಿ ಈ ಎರಡು ಹೆಜ್ಜೆಗಳನ್ನು ಬಲ್ಲವನು ಅರ್ಧ ದುರಸ್ತಿಗಾರ.

ಆಮೇಲೆ ಪರೀಕ್ಷೆ. ಮೈ-ಐಸ್ಯಾಮ್ ಕಡತಗಳಿಗೆ ಮೈಐಸ್ಯಾಮ್‌ಚೆಕ್ ಎಂಬ ಸಾಧನವಿದೆ. ಸಾಮಾನ್ಯ ಪರೀಕ್ಷೆಯಲ್ಲಿ ಅದು ಅನುಕ್ರಮಣಿಕೆಯನ್ನು ತಪಾಸಿಸಿ, ಸಾಲುಗಳ ಲೆಕ್ಕ ಹೊಂದುತ್ತದೆಯೇ, ಅಳಿಸಿದ ಸಾಲುಗಳ ಸರಪಳಿ ತುಂಡಾಗಿಲ್ಲವೇ ಎಂದು ನೋಡುತ್ತದೆ. ಬಹುಪಾಲು ದೋಷಗಳು ಇಲ್ಲಿಯೇ ಸಿಕ್ಕಿಬೀಳುತ್ತವೆ. ಆದರೆ ದೋಷವು ಮಾಹಿತಿಯ ಕಡತದೊಳಗಷ್ಟೇ ಇದ್ದರೆ ಈ ಪರೀಕ್ಷೆಗೆ ಕಾಣದು. ಅದಕ್ಕೆಂದೇ ವಿಸ್ತೃತ ಪರೀಕ್ಷೆಯೊಂದುಂಟು. ಪ್ರತಿಯೊಂದು ಸಾಲನ್ನೂ ಓದಿ, ಅದಕ್ಕೆ ಸಂಬಂಧಪಟ್ಟ ಪ್ರತಿಯೊಂದು ಚೀಟಿಯನ್ನೂ ಹುಡುಕಿ ತಾಳೆ ನೋಡುವ ಕ್ರಮವಿದು. ದೊಡ್ಡ ಕೋಷ್ಟಕವಾದರೆ ಬಹಳ ಹೊತ್ತು ಹಿಡಿಯುತ್ತದೆ. ಪರೀಕ್ಷೆಯಿಂದ ಕಡತದ ಮಾಹಿತಿಗೆ ಅಪಾಯವಿಲ್ಲ. ಆದುದರಿಂದ ಇಲ್ಲಿ ಹೊತ್ತಿನ ಜಿಪುಣತನ ಬೇಡ.

ದುರಸ್ತಿಯಲ್ಲಿ ಮಾತ್ರ ಮೆಟ್ಟಿಲು ಮೆಟ್ಟಿಲಾಗಿ ಏರಬೇಕು. ಮೊದಲನೆಯದು ಶೀಘ್ರ ದುರಸ್ತಿ. ಇದು ಮಾಹಿತಿಯ ಕಡತವನ್ನು ಮುಟ್ಟುವುದೇ ಇಲ್ಲ. ಚೀಟಿಗಳನ್ನಷ್ಟೇ ಹೊಸದಾಗಿ ಬರೆಯುತ್ತದೆ. ಅದರಿಂದ ಗುಣವಾಗದಿದ್ದರೆ ಪೂರ್ಣ ದುರಸ್ತಿ. ಇಲ್ಲಿ ತಂತ್ರಾಂಶವು ಹಳೆಯ ಕಡತದಿಂದ ಓದಲು ಬಂದ ಸಾಲುಗಳನ್ನೆಲ್ಲ ಹೊಸ ಕಡತವೊಂದಕ್ಕೆ ಎತ್ತಿ ಬರೆದು, ಅನುಕ್ರಮಣಿಕೆಯನ್ನು ಮತ್ತೆ ಕಟ್ಟಿ, ಕೊನೆಗೆ ಹಳೆಯದರ ಸ್ಥಳದಲ್ಲಿ ಹೊಸದನ್ನು ಇಡುತ್ತದೆ. ಎರಡೂ ಕಡತಗಳು ಏಕಕಾಲಕ್ಕೆ ಇರಬೇಕಾದುದರಿಂದ ತಟ್ಟೆಯಲ್ಲಿ ಸಾಕಷ್ಟು ಜಾಗ ಬೇಕು. ಇದೂ ಸಾಲದಿದ್ದರೆ ಹಳೆಯ ವಿಧಾನದ ನಿಧಾನ ದುರಸ್ತಿಯೊಂದಿದೆ. ವೇಗ ಕಡಿಮೆ, ಆದರೂ ಮೊದಲಿನದಕ್ಕೆ ಸಾಧ್ಯವಾಗದ ಕೆಲವನ್ನು ಇದು ಸಾಧಿಸುತ್ತದೆ. ರಚನೆಯ ಕಡತವೇ ನಾಶವಾಗಿದ್ದರೆ ಅದನ್ನು ಹಿಂದಿನ ಪ್ರತಿಯಿಂದ ತರಬೇಕಾದೀತು. ಇನ್ನೊಂದು ತಕರಾರನ್ನೂ ಈ ಸಾಧನ ಬಗೆಹರಿಸದು. ಇಬ್ಬರು ವಿದ್ಯಾರ್ಥಿಗಳಿಗೆ ಒಂದೇ ಕ್ರಮಸಂಖ್ಯೆ ಬಿದ್ದಿದ್ದರೆ ಯಾರದು ನಿಜ ಎಂದು ನಿರ್ಣಯಿಸುವ ಅಧಿಕಾರ ಅದಕ್ಕಿಲ್ಲ.

ಕೆಲಸ ಮುಗಿದ ಮೇಲೆ ಪರದೆಯಲ್ಲಿ ಮೂಡುವ ಒಂದು ಸಾಲನ್ನು ಬಹಳ ಜನರು ಓದದೆ ಬಿಡುತ್ತಾರೆ. ಸಾಲುಗಳ ಸಂಖ್ಯೆ ಇಷ್ಟಿದ್ದದ್ದು ಇಷ್ಟಾಯಿತು ಎಂಬ ಎಚ್ಚರಿಕೆಯದು. 1200 ಇದ್ದದ್ದು 1193 ಆಯಿತೆಂದು ಬಂದಿತೆನ್ನಿರಿ. ತಂತ್ರಾಂಶದ ದೃಷ್ಟಿಯಲ್ಲಿ ಕಡತವೀಗ ಆರೋಗ್ಯವಾಗಿದೆ; ಚೀಟಿಗೂ ಪುಸ್ತಕಕ್ಕೂ ತಾಳೆಯಾಗುತ್ತದೆ; ಎಲ್ಲವೂ ಸುವ್ಯವಸ್ಥಿತ. ಆದರೆ ಏಳು ಮಕ್ಕಳು ಎಲ್ಲಿ?

ಇಂಥದೇ ಪ್ರಸಂಗವೊಂದು ನಮ್ಮ ಕಣ್ಣೆದುರಿಗೆ ನಡೆದುದುಂಟು. ಮಳೆಗಾಲದ ಒಂದು ಸಂಜೆ ಮಿಂಚು ಗುಡುಗುಗಳ ನಡುವೆ ದೀಪ ಹೋಗಿ, ಮರುದಿನ ಶಾಲೆಯ ದಫ್ತರ ತೆರೆಯದಾಯಿತು. ದುರಸ್ತಿಯಾಯಿತು, ಕಡತ ತೆರೆಯಿತು. ಕೆಲವು ದಿನಗಳ ತರುವಾಯ ಯಾದಗಿರಿ ಕಡೆಯ ತಾಯಿಯೊಬ್ಬಳು ಮಗನ ದಾಖಲೆಗಾಗಿ ಬಂದಳು. ಕಾರಕೂನರು ಹುಡುಕಿದರೆ ಹುಡುಗನ ಸಾಲು ಸಿಕ್ಕಿತು, ಆದರೆ ಹುಟ್ಟಿದ ದಿನಾಂಕದ ಕಲಮಿನಲ್ಲಿ ವರ್ಷ, ತಿಂಗಳು, ದಿನ ಮೂರೂ ಸೊನ್ನೆ. ಯಂತ್ರದಲ್ಲಿ ತಾರೀಖು ಇಲ್ಲವೆಂದು ಹೇಳಿದಾಗ ಆಕೆ ಕೇಳಿದ್ದು ಇಷ್ಟೇ: "ಕಂಪ್ಯೂಟರದಾಗ ಇಲ್ಲಂದ್ರ ನನ್ನ ಮಗಾ ಹುಟ್ಟೇ ಇಲ್ಲೇನ್ರಿ ಸರ?" ಕಪಾಟಿನ ಕೀಲಿ ತೆಗೆದು ದಪ್ಪ ಪುಸ್ತಕವನ್ನು ಇಳಿಸಿದರು. ಅಲ್ಲಿ ತಾರೀಖು ಅಂಕಿಯಲ್ಲಿಯೂ ಅಕ್ಷರದಲ್ಲಿಯೂ ಇತ್ತು. ಹುಟ್ಟಿದ ದಿನಾಂಕವನ್ನು ಅಕ್ಷರದಲ್ಲಿಯೂ ಬರೆಯುವ ಹಿಂದಿನವರ ಕಟ್ಟುನಿಟ್ಟನ್ನು ನಾವು ಅಂದು ಮನಸಾರೆ ಕೊಂಡಾಡಿದೆವು. ಒಂದು ಅಂಕಿ ಮಾಸಿದರೂ ಅಕ್ಷರ ಸಾಕ್ಷಿ ಹೇಳುತ್ತದೆ.

ತಂತ್ರಾಂಶದ ತಪ್ಪು ಇಲ್ಲಿ ಏನೂ ಇಲ್ಲ. ಸೊನ್ನೆಯೂ ಅದಕ್ಕೆ ಒಪ್ಪಿಗೆಯಾದ ಬೆಲೆಯೇ. ಅದು ನೋಡುವುದು ಆಕಾರವನ್ನು, ಅರ್ಥವನ್ನಲ್ಲ. ನಮ್ಮ ಕನ್ನಡದ ಹೆಸರುಗಳ ವಿಷಯದಲ್ಲಂತೂ ಈ ಮಾತು ಇನ್ನಷ್ಟು ನಿಜ. ಇಂದು ಜಗತ್ತಿನಲ್ಲೆಲ್ಲ ರೂಢಿಯಲ್ಲಿರುವ ಯುನಿಕೋಡ್ ಲಿಪಿಸಂಕೇತವನ್ನು ಯುಟಿಎಫ್-8 ಎಂಬ ಕ್ರಮದಲ್ಲಿ ಬರೆದಾಗ ಕನ್ನಡದ ಒಂದೊಂದು ವ್ಯಂಜನಕ್ಕೂ, ಸ್ವರಚಿಹ್ನೆಗೂ, ಅರ್ಧಾಕ್ಷರದ ವಿರಾಮಕ್ಕೂ ಮೂರು ಮೂರು ಮನೆಗಳು ಬೇಕಾಗುತ್ತವೆ. 'ಮಲ್ಲಿಕಾರ್ಜುನ' ಎಂಬ ಹೆಸರಿನಲ್ಲಿ ಇಂಥ ಹನ್ನೆರಡು ಘಟಕಗಳಿವೆ. ಎಂದರೆ 36 ಮನೆಗಳು. ಇಂಗ್ಲಿಷಿನಲ್ಲಿ ಬರೆದರೆ ಹನ್ನೆರಡೇ. ಇಂಗ್ಲಿಷನ್ನೇ ಮನಸ್ಸಿನಲ್ಲಿಟ್ಟುಕೊಂಡ ಯಾರೋ ಹೆಸರಿನ ಕಲಮಿಗೆ 30 ಮನೆಗಳು ಧಾರಾಳವಾದುವೆಂದು ತೀರ್ಮಾನಿಸಿದ್ದರೆ ಒಳಗೆ ಉಳಿಯುವುದು 'ಮಲ್ಲಿಕಾರ್ಜ'. ಮೈಐಸ್ಯಾಮ್‌ಚೆಕ್‌ನಂಥ ಸಾಧನವು ಇದನ್ನು ನೂರು ಸಲ ಪರೀಕ್ಷಿಸಿದರೂ ದೋಷವಿಲ್ಲವೆಂದೇ ಹೇಳುವುದು. ಹುಡುಗನಿಗೆ ಮಾತ್ರ ಆಯುಷ್ಯವಿಡೀ ಅರ್ಧ ಹೆಸರು.

ಕೆಡದೆಯೂ ಕೆಟ್ಟಂತೆ ಕಾಣುವ ಕಡತಗಳೂ ಉಂಟು. ಭಾರತೀಯ ಲಿಪಿಗಳನ್ನು ಯಂತ್ರಕ್ಕೆ ಕಲಿಸುವ ಕಾರ್ಯದಲ್ಲಿ ನಮ್ಮ ಪುಣೆಗೆ ದೊಡ್ಡ ಪಾತ್ರವಿದೆ. 1988ರಲ್ಲಿ ಇಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯ 'ಜಿಸ್ಟ್' ತಂಡವು ಈ ದಿಕ್ಕಿನಲ್ಲಿ ಬಹುಕಾಲ ದುಡಿಯಿತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ 'ಇಸ್ಕಿ' ಸಂಕೇತವು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಕನ್ನಡವು ಯುನಿಕೋಡಿನಲ್ಲಿ ಸೇರಿದ್ದೂ ಅದೇ ವರ್ಷವೇ. ಆದರೂ ಮುಂದೆ ಬಹಳ ವರ್ಷ ಕನ್ನಡವನ್ನು ಬೇರೆ ಬೇರೆ ಅಕ್ಷರಶೈಲಿಗಳ ಸ್ವಂತ ಸಂಕೇತಗಳಲ್ಲಿ ಬರೆಯುವ ರೂಢಿ ಉಳಿಯಿತು. ಅಂಥ ಹಳೆಯ ಕಡತವನ್ನು ಹೊಸ ಯಂತ್ರದಲ್ಲಿ ತೆರೆದರೆ ಹೆಸರಿನ ಜಾಗದಲ್ಲಿ ಅರ್ಥವಿಲ್ಲದ ಪರದೇಶದ ಅಕ್ಷರಗಳ ಸಂತೆ ಕಾಣುತ್ತದೆ. ಗಾಬರಿಯಾಗಿ ದುರಸ್ತಿಗೆ ಕೈಹಾಕಬಾರದು. ಆ ಸಂತೆಯಲ್ಲಿ ವೈವಿಧ್ಯವಿದ್ದರೆ, ಎಂದರೆ ಬೇರೆ ಬೇರೆ ಹೆಸರಿಗೆ ಬೇರೆ ಬೇರೆ ಚಿಹ್ನೆಗಳಿದ್ದರೆ, ಮಾಹಿತಿ ಸುರಕ್ಷಿತವಾಗಿರುವ ಸಂಭವವೇ ಹೆಚ್ಚು, ಬೇಕಾದದ್ದು ಲಿಪ್ಯಂತರ. ಎಲ್ಲರ ಹೆಸರಿನಲ್ಲಿಯೂ ಬರಿಯ ಪ್ರಶ್ನಾರ್ಥಕ ಚಿಹ್ನೆಗಳ ಸಾಲೇ ದಾಖಲಾಗಿದ್ದರೆ ಮಾತ್ರ ದುಃಖಿಸಬೇಕು. ಕನ್ನಡ ತಿಳಿಯದ ಕೋಷ್ಟಕಕ್ಕೆ ಕನ್ನಡವನ್ನು ತುಂಬಿದಾಗ ಅದು ಒಂದೊಂದು ಅಕ್ಷರವನ್ನೂ ಎಸೆದು ಆ ಚಿಹ್ನೆಯನ್ನು ಇಟ್ಟಿರುತ್ತದೆ. ಅದನ್ನು ಮರಳಿ ಓದಿಸುವ ಸಾಧನ ಯಾವುದೂ ಇಲ್ಲ.

ಹಾಗಾದರೆ ಅರ್ಥವನ್ನು ದುರಸ್ತಿ ಮಾಡುವ ಬಗೆ ಯಾವುದು? ಇದಕ್ಕೆ ನಮ್ಮ ಊರಿನಲ್ಲಿಯೇ ಒಂದು ಘನವಾದ ನಿದರ್ಶನವಿದೆ. 1917ರಲ್ಲಿ ಸ್ಥಾಪನೆಯಾದ ಭಾಂಡಾರಕರ ಪ್ರಾಚ್ಯವಿದ್ಯಾ ಸಂಶೋಧನ ಮಂದಿರವು 1919ರಲ್ಲಿ ಮಹಾಭಾರತದ ಪರಿಷ್ಕರಣಕ್ಕೆ ಕೈಹಾಕಿತು. ಶತಮಾನಗಳಿಂದ ಕೈಯಿಂದ ಕೈಗೆ ನಕಲಾಗುತ್ತ ಬಂದ ಗ್ರಂಥ. ಒಂದರಲ್ಲಿ ಶ್ಲೋಕ ಬಿಟ್ಟಿದೆ, ಇನ್ನೊಂದರಲ್ಲಿ ಸೇರಿದೆ, ಮತ್ತೊಂದರ ಎಲೆಯೇ ಮುರಿದಿದೆ. ಒಂದೇ ಪ್ರತಿಯನ್ನು ಮುಂದಿಟ್ಟುಕೊಂಡು ಎಷ್ಟೇ ದಿಟ್ಟಿಸಿದರೂ ಅದರ ತಪ್ಪು ಅದರಿಂದಲೇ ತಿಳಿಯದು. ಆದುದರಿಂದ ಪಂಡಿತರು ನಾನಾ ಲಿಪಿಗಳ 1259 ಹಸ್ತಪ್ರತಿಗಳನ್ನು ತಾಳೆ ನೋಡಿದರು. 1925ರಿಂದ ಪ್ರಧಾನ ಸಂಪಾದಕರಾಗಿದ್ದ ವಿ. ಎಸ್. ಸುಖಠಣಕರರು 1943ರಲ್ಲಿ ತೀರಿಕೊಂಡರು. ಅವರ ತರುವಾಯ ಬೇಲ್ವಲಕರರೂ ಆಮೇಲೆ ವೈದ್ಯರೂ ಮುಂದುವರಿಸಿದ ಆ ಕಾರ್ಯ 1966ರಲ್ಲಿ ಪೂರ್ಣವಾಯಿತು. ಆ ಪುಟಗಳಲ್ಲಿ ನಮಗೆ ಬಹಳ ಮೆಚ್ಚಿಗೆಯಾದುದು ಒಂದು ಸಣ್ಣ ಗೆರೆ. ಪಾಠವು ನಿಶ್ಚಿತವಾಗದ ಕಡೆ ಸಂಪಾದಕರು ಅಕ್ಷರಗಳ ಕೆಳಗೆ ಅಲೆಯಂಥ ಗೆರೆಯೊಂದನ್ನು ಎಳೆದಿದ್ದಾರೆ. ಬಿಟ್ಟ ಪಾಠಗಳನ್ನೆಲ್ಲ ಪುಟದ ಅಡಿಯಲ್ಲಿ ಕಾಪಾಡಿದ್ದಾರೆ. ನಮ್ಮ ದುರಸ್ತಿ ತಂತ್ರಾಂಶಗಳಿಗೆ ಈ ಗೆರೆ ಎಳೆಯಲು ಬಾರದು. ಅವು ಕೂಡಿಸಿದ ಸಾಲೂ ಮೊದಲಿನಿಂದ ಇದ್ದ ಸಾಲೂ ಒಂದೇ ಮುಖದಿಂದ ನಮ್ಮನ್ನು ನೋಡುತ್ತವೆ.

ಯಂತ್ರದ ಕಡತಕ್ಕೆ ಎರಡನೆಯ ಹಸ್ತಪ್ರತಿಯೆಂದರೆ ಕಪಾಟಿನ ಆ ದಪ್ಪ ಪುಸ್ತಕವೇ. ದುರಸ್ತಿಯ ಬಳಿಕ ಇಬ್ಬರು ಕುಳಿತು, ಒಬ್ಬರು ಪುಸ್ತಕದಿಂದ ಗಟ್ಟಿಯಾಗಿ ಓದುತ್ತ, ಇನ್ನೊಬ್ಬರು ಪರದೆಯಲ್ಲಿ ಬೆರಳಿಟ್ಟು ನೋಡುತ್ತ ಹೋಗಬೇಕು. ಮೊದಲು ಒಟ್ಟು ಲೆಕ್ಕ, ಆಮೇಲೆ ಕ್ರಮಸಂಖ್ಯೆಗಳಲ್ಲಿ ನಡುವೆ ಬಿಟ್ಟುಹೋದವು, ಆಮೇಲೆ ಹೆಸರು ಮತ್ತು ಹುಟ್ಟಿದ ದಿನಾಂಕ. ಬೇಸರದ ಕೆಲಸ, ಆದರೆ ಚಹದೊಂದಿಗೆ ಮಾಡಬಹುದಾದದ್ದು.

ಈಚಿನ ಡೇಟಾಬೇಸುಗಳು ಹಳೆಯವಕ್ಕಿಂತ ಗಟ್ಟಿಯಾಗಿವೆಯೆಂಬುದನ್ನೂ ಹೇಳಬೇಕು. ಮೈ-ಎಸ್‌ಕ್ಯುಎಲ್‌ನಲ್ಲಿ 2010ರಲ್ಲಿ ಬಂದ 5.5ನೆಯ ಆವೃತ್ತಿಯಿಂದ ಇನ್ನೋಡಿಬಿ ಎಂಬ ಪದ್ಧತಿ ಮೊದಲ ಸ್ಥಾನ ಪಡೆದಿದೆ. ನಮ್ಮ ವ್ಯಾಪಾರಿಗಳು ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಹಚ್ಚುವಂತೆ ಇದೂ ಬದಲಾವಣೆಯನ್ನು ಮೊದಲು ದಿನಚರಿಯೊಂದರಲ್ಲಿ ಬರೆದಿಡುತ್ತದೆ. ನಡುವೆ ವಿದ್ಯುತ್ತು ಹೋದರೂ ಮರಳಿ ಎದ್ದಾಗ ಕಿರ್ದಿಯನ್ನು ನೋಡಿ ಖಾತೆಯನ್ನು ತಾನೇ ಪೂರ್ತಿಗೊಳಿಸುತ್ತದೆ. ಮೈಐಸ್ಯಾಮ್‌ಚೆಕ್ ಇದಕ್ಕೆ ಸಲ್ಲದು. ತಟ್ಟೆಯೇ ಸವೆದು ಕೆಟ್ಟರೆ ಮಾತ್ರ, ಒತ್ತಾಯದಿಂದ ತೆರೆದು, ಓದಲು ಬಂದುದನ್ನೆಲ್ಲ ಹೊರಗೆ ಸುರಿದು, ಹೊಸ ಕೋಷ್ಟಕಕ್ಕೆ ತುಂಬಬೇಕಾಗುತ್ತದೆ.

ಪ್ರತಿಗಳನ್ನು ಎಲ್ಲಿಡಬೇಕೆಂಬುದೊಂದು ಉಳಿಯಿತು. 1961ರ ಜುಲೈ 12ರಂದು ಪಾನಶೇತದ ಅಣೆಕಟ್ಟು ಒಡೆದು ಮುಠಾ ನದಿಯ ನೀರು ಪುಣೆಯ ಪೇಠೆಗಳಿಗೆ ನುಗ್ಗಿದ ಸಂಗತಿಯನ್ನು ಇಲ್ಲಿಯ ಹಿರಿಯರು ಇನ್ನೂ ಹೇಳುತ್ತಾರೆ. ಅಂಥ ದಿನ ಒಂದೇ ಕಪಾಟಿನಲ್ಲಿದ್ದ ಮೂಲವೂ ನಕಲೂ ಒಂದೇ ನೀರಿನಲ್ಲಿ ಮುಳುಗುತ್ತವೆ. ಈಗ ನಮ್ಮ ಕಚೇರಿಯಲ್ಲಿ ಪ್ರತಿ ಶನಿವಾರ ದಫ್ತರದ ಒಂದು ಪ್ರತಿಯನ್ನು, ಯಾವ ಯಂತ್ರದಲ್ಲಿಯೂ ಓದಬಹುದಾದ ಸಾದಾ ಅಕ್ಷರರೂಪದಲ್ಲಿ ತೆಗೆದು, ಶಾಲೆಯಿಂದ ಹೊರಗೆ ಬೇರೊಂದು ಕಡೆಗೆ ಕಳಿಸುತ್ತಾರೆ. ತಿಂಗಳಿಗೊಮ್ಮೆ ಆ ಪ್ರತಿಯಿಂದ ಕಣ್ಣುಮುಚ್ಚಿ ಹತ್ತು ಹೆಸರುಗಳನ್ನು ಆರಿಸಿ ಪುಸ್ತಕದೊಡನೆ ತಾಳೆ ನೋಡುವ ಕೆಲಸವನ್ನು ಈ ವರ್ಷದಿಂದ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿಗಳ ಪೈಕಿ ಇಬ್ಬರು, ಕಾರಕೂನರ ಸಮ್ಮುಖದಲ್ಲಿ ಮಾಡುತ್ತಿದ್ದಾರೆ.